ಮೂರೇ ದಿನದಲ್ಲಿ ಮೊಡವೆ ಅಡಗಿದಾಗಲೇ ನಾನು ಸಂಶಯಪಡಬೇಕಿತ್ತು

ಮೊಡವೆಗೆಂದು ಔಷಧದಂಗಡಿಯಿಂದ ನೇರವಾಗಿ ಮುಲಾಮು ತಂದು ಹಚ್ಚುತ್ತಿರುವವರು ಮುಂದೆ ಓದುವ ಮೊದಲು ಆ ಟ್ಯೂಬನ್ನು ಕೈಗೆತ್ತಿಕೊಂಡು, ಅದರ ಮೇಲೆ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವ ಔಷಧಗಳ ಹೆಸರುಗಳನ್ನು ಒಮ್ಮೆ ನೋಡಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್, ಫ್ಲುಯೊಸಿನೊಲೋನ್ ಎಂಬವುಗಳಲ್ಲಿ ಒಂದು ಅಲ್ಲಿದ್ದರೂ ನೀವು ಮುಖಕ್ಕೆ ಹಚ್ಚುತ್ತಿರುವುದು ಸ್ಟೀರಾಯ್ಡ್, ಅಂದರೆ ಉರಿಯೂತವನ್ನು ಅಡಗಿಸುವ ಔಷಧ. ನಾನು ಅಂಥದ್ದೊಂದನ್ನು ಹದಿನಾಲ್ಕು ತಿಂಗಳು ಹಚ್ಚಿದೆ. ಅಷ್ಟು ದಿನಗಳಲ್ಲಿ ಒಮ್ಮೆಯೂ ಆ ಸಾಲನ್ನು ಓದಲಿಲ್ಲ.

ಆಗ ನಾನು ದಾವಣಗೆರೆಯಲ್ಲಿ ಬಿ.ಎಡ್. ಓದುತ್ತಿದ್ದೆ. ಕೆನ್ನೆ ಮತ್ತು ಗಲ್ಲದ ತುಂಬ ಮೊಡವೆಗಳಿದ್ದವು. ಅಕ್ಕನ ಮದುವೆಗೆ ಇಪ್ಪತ್ತು ದಿನವಷ್ಟೇ ಉಳಿದಿತ್ತು. ಅಜ್ಜಿಯ ಮಾತಿನಂತೆ ಕಡಲೆಹಿಟ್ಟು, ಅರಿಶಿನ ಹಚ್ಚಿದ್ದಾಯಿತು. ಹಾಸ್ಟೆಲಿನ ಗೆಳತಿಯ ಮಾತಿನಂತೆ ನಿಂಬೆರಸ ಹಚ್ಚಿ ಚರ್ಮ ಉರಿದು ಕಪ್ಪಾಗಿದ್ದೂ ಆಯಿತು. ಕೊನೆಗೆ ಬಸ್ ನಿಲ್ದಾಣದ ಬಳಿಯ ಮೆಡಿಕಲ್ ಶಾಪಿಗೆ ಹೋಗಿ, "ಅಣ್ಣ, ಮೊಡವೆಗೆ ಏನಾದರೂ ಕೊಡಿ" ಎಂದೆ. ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿ, ಒಂದು ಟ್ಯೂಬ್ ತೆಗೆದುಕೊಟ್ಟು, "ರಾತ್ರಿ ಹಚ್ಚಿ ಮಲಗಮ್ಮ, ಮೂರೇ ದಿನದಲ್ಲಿ ಹೋಗುತ್ತೆ" ಎಂದರು. ಚೀಟಿ ಕೇಳಲಿಲ್ಲ, ಬಿಲ್ ಕೊಡಲಿಲ್ಲ. ಅದು ಸ್ಟೀರಾಯ್ಡ್, ಜೀವಿರೋಧಕ (ಆ್ಯಂಟಿಬಯಾಟಿಕ್) ಮತ್ತು ಶಿಲೀಂಧ್ರನಾಶಕ ಮೂರನ್ನೂ ಬೆರೆಸಿದ ಮುಲಾಮು ಎಂದೂ, ಹುಳುಕಡ್ಡಿಗೆ, ತುರಿಕೆಗೆ, ಮೊಡವೆಗೆ, ಬಿಳುಪಾಗುವುದಕ್ಕೆ ಎಲ್ಲದಕ್ಕೂ ಅದನ್ನೇ ಕೊಡುವ ಅಂಗಡಿಗಳಿವೆ ಎಂದೂ ನನಗೆ ತಿಳಿದದ್ದು ಬಹಳ ತಡವಾಗಿ.

ಅವರು ಹೇಳಿದಂತೆಯೇ ಆಯಿತು. ಮೂರನೆಯ ಬೆಳಿಗ್ಗೆ ಕೆಂಪು ಇಳಿದಿತ್ತು, ಒಂದು ವಾರದಲ್ಲಿ ಮುಖ ನುಣುಪಾಗಿ ತುಸು ಬೆಳ್ಳಗೂ ಕಂಡಿತು. ಮದುವೆಯಲ್ಲಿ ನೆಂಟರೆಲ್ಲ ಏನು ಹಚ್ಚುತ್ತೀಯೆಂದು ಕೇಳಿದರು. ಚಿಕ್ಕಮ್ಮನ ಮಗಳಿಗೆ, ಆಗಿನ್ನೂ ಹತ್ತನೆಯ ತರಗತಿಯಲ್ಲಿದ್ದವಳಿಗೆ, ನಾನೇ ಒಂದು ಹೊಸ ಟ್ಯೂಬ್ ತಂದುಕೊಟ್ಟೆ. ಈ ಬರಹದಲ್ಲಿ ಬರೆಯಲು ನನಗೆ ಅತ್ಯಂತ ಕಷ್ಟವಾಗುತ್ತಿರುವ ವಾಕ್ಯ ಇದೇ.

ಅಷ್ಟು ಬೇಗ ಗುಣ ಕಂಡದ್ದೇಕೆ ಎಂಬುದು ಅರ್ಥವಾದರೆ ಅಪಾಯವೂ ಅರ್ಥವಾಗುತ್ತದೆ. ಹರೆಯದಲ್ಲಿ ಹಾರ್ಮೋನುಗಳ ಪ್ರಭಾವದಿಂದ ಚರ್ಮದ ಎಣ್ಣೆಗ್ರಂಥಿಗಳು ಹೆಚ್ಚು ಜಿಡ್ಡು ಸ್ರವಿಸುತ್ತವೆ. ರೋಮರಂಧ್ರದ ಬಾಯಲ್ಲಿ ಸತ್ತ ಜೀವಕೋಶಗಳು ಸೇರಿ ಬಿರಡೆಯಂತೆ ಕೂರುತ್ತವೆ. ಒಳಗೆ ಕಟ್ಟಿಕೊಂಡ ಜಿಡ್ಡಿನಲ್ಲಿ ಬ್ಯಾಕ್ಟೀರಿಯಾ ಬೆಳೆದು ಉರಿಯೂತವಾಗುತ್ತದೆ. ಸ್ಟೀರಾಯ್ಡ್ ಆ ಉರಿಯೂತವನ್ನು ಮಾತ್ರ ಅಡಗಿಸುತ್ತದೆ ಮತ್ತು ಚರ್ಮದ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಆದ್ದರಿಂದ ಕೆಂಪು ಮಾಯವಾಗಿ ಬಿಳುಪು ಬಂದಂತೆ ಕಾಣುತ್ತದೆ. ಬಿರಡೆ, ಜಿಡ್ಡು ಎರಡೂ ಇದ್ದಲ್ಲಿಯೇ ಇರುತ್ತವೆ. ಸಾಲದೆಂಬಂತೆ, ವಾರಗಟ್ಟಲೆ ಹಚ್ಚಿದಾಗ ಸ್ಟೀರಾಯ್ಡೇ ಹೊಸ ಬಗೆಯ ಮೊಡವೆಗಳನ್ನು ಎಬ್ಬಿಸುತ್ತದೆ. ಎಲ್ಲವೂ ಒಂದೇ ಗಾತ್ರದ, ಒಂದೇ ರೂಪದ ಸಣ್ಣ ಕೆಂಪು ಗುಳ್ಳೆಗಳು.

ನನಗೆ ಅವು ಕಾಣಿಸಿಕೊಂಡದ್ದು ನಾಲ್ಕನೆಯ ತಿಂಗಳಲ್ಲಿ, ಬಾಯಿಯ ಸುತ್ತ. ಹಚ್ಚುವುದನ್ನು ಎರಡು ದಿನ ಬಿಟ್ಟೆ. ಮುಖ ಬೆಂಕಿಯ ಮುಂದೆ ಕುಳಿತಂತೆ ಉರಿಯತೊಡಗಿತು, ಕೆನ್ನೆ ಊದಿಕೊಂಡು ಕೆಂಪಾಯಿತು, ಗುಳ್ಳೆಗಳು ಇಮ್ಮಡಿಸಿದವು. ಹೆದರಿ ಮತ್ತೆ ಹಚ್ಚಿದೆ, ಒಂದೇ ರಾತ್ರಿಯಲ್ಲಿ ಶಾಂತವಾಯಿತು. ಈ ಮುಲಾಮು ಇಲ್ಲದಿದ್ದರೆ ನನ್ನ ಮುಖ ಇಷ್ಟು ಕೆಟ್ಟದಾಗಿರುತ್ತದೆ ಎಂದು ನಾನು ತಿಳಿದುಕೊಂಡೆ. ನಿಜವಾಗಿ ಆ ಉರಿಗೆ ಮುಲಾಮೇ ಕಾರಣವಾಗಿತ್ತು. ಚರ್ಮ ಅದಕ್ಕೆ ಒಗ್ಗಿಕೊಂಡು, ಅದು ತಪ್ಪಿದೊಡನೆ ರಕ್ತನಾಳಗಳು ಹಿಗ್ಗಿ ಹಾಗಾಗುತ್ತಿತ್ತು. ಈ ರೋಗದ ಹಿಡಿತವೆಲ್ಲ ಇರುವುದು ಈ ತಪ್ಪು ತಿಳಿವಳಿಕೆಯಲ್ಲಿಯೇ, ಏಕೆಂದರೆ ಬಿಟ್ಟಾಗ ಉಲ್ಬಣಿಸುವುದನ್ನು ನಾವು ಔಷಧದ ಗುಣಕ್ಕೆ ಸಾಕ್ಷಿಯೆಂದು ಓದಿಕೊಳ್ಳುತ್ತೇವೆ. ಹೀಗೆ ವರ್ಷ ಕಳೆಯುವಷ್ಟರಲ್ಲಿ ಕೆನ್ನೆಯ ಚರ್ಮ ತೆಳುವಾಗಿ, ಎಳೆ ಎಳೆಯಾದ ಕೆಂಪು ನಾಳಗಳು ಹೊರಗೆ ಕಾಣತೊಡಗಿದವು. ಮೇಲ್ದುಟಿಯ ಮೇಲೂ ಕೆನ್ನೆಯಂಚಿನಲ್ಲೂ ಕೂದಲು ದಟ್ಟವಾಯಿತು. ಒಲೆಯ ಮುಂದೆ ನಿಲ್ಲಲಾಗುತ್ತಿರಲಿಲ್ಲ, ಹತ್ತು ಗಂಟೆಯ ಬಿಸಿಲಿಗೆ ಹೋಗಲಾಗುತ್ತಿರಲಿಲ್ಲ. ಅಭ್ಯಾಸ ಪಾಠಕ್ಕೆಂದು ಹೋದ ಶಾಲೆಯಲ್ಲಿ ಮಕ್ಕಳ ಎದುರು ದುಪಟ್ಟಾದಿಂದ ಮುಖ ಮುಚ್ಚಿಕೊಂಡೇ ಪಾಠ ಮಾಡಿದ ದಿನಗಳಿವೆ. ನಡುವೆ ಪಾರ್ಲರಿನಲ್ಲಿ ಫೇಶಿಯಲ್ ಮಾಡಿಸಿ, ಆವಿ ಹಿಡಿಸಿಕೊಂಡು, ಉಜ್ಜಿಸಿಕೊಂಡು ಬಂದದ್ದರಿಂದ ಇನ್ನಷ್ಟು ಹದಗೆಟ್ಟಿತು.

ಕೊನೆಗೆ ತೋರಿಸಿಕೊಂಡ ಚರ್ಮರೋಗ ತಜ್ಞೆ ದೂರದಿಂದ ನೋಡಿಯೇ, "ಎಷ್ಟು ತಿಂಗಳಿಂದ ಹಚ್ಚುತ್ತಿದ್ದೀಯಮ್ಮ?" ಎಂದು ಕೇಳಿದರು. ನಮ್ಮ ದೇಶದಲ್ಲಿ ಇದು ಎಷ್ಟು ಸಾಮಾನ್ಯವೆಂದರೆ, ಸ್ಟೀರಾಯ್ಡ್ ಮುಲಾಮಿನಿಂದ ಹಾಳಾಗಿ ಅದನ್ನೇ ಅವಲಂಬಿಸಿದ ಮುಖಕ್ಕೆ ಭಾರತದ ಚರ್ಮವೈದ್ಯರು ಪ್ರತ್ಯೇಕ ರೋಗನಾಮವನ್ನೇ ಕೊಟ್ಟಿದ್ದಾರೆ, ಅವರ ರಾಷ್ಟ್ರೀಯ ಸಂಘವು ಈ ದುರ್ಬಳಕೆಯ ವಿರುದ್ಧ ಕಾರ್ಯಪಡೆಯನ್ನೂ ರಚಿಸಿದೆ. ಕೇಂದ್ರ ಸರ್ಕಾರ 2018ರಲ್ಲಿ ಹದಿನಾಲ್ಕು ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಷೆಡ್ಯೂಲ್ ಎಚ್ ವ್ಯಾಪ್ತಿಗೆ ತಂದಿತು. ಅಂದರೆ ವೈದ್ಯರ ಚೀಟಿಯಿಲ್ಲದೆ ಅವುಗಳನ್ನು ಮಾರುವಂತಿಲ್ಲ. ಹಾಗಿದ್ದರೂ ಚೀಟಿ ಕೇಳದ ಅಂಗಡಿಗಳು ಇಂದಿಗೂ ಇವೆ ಎಂಬುದನ್ನು ನೋವಿನಿಂದಲೇ ಹೇಳುತ್ತಿದ್ದೇನೆ. ಈ ಔಷಧಗಳು ಕೆಟ್ಟವೆಂದು ನಾನು ಹೇಳುತ್ತಿಲ್ಲ. ಇಸುಬಿಗೆ, ಸೋರಿಯಾಸಿಸ್‌ಗೆ ವೈದ್ಯರು ಹೇಳಿದಷ್ಟು ದಿನ ಹಚ್ಚಿದರೆ ಅವು ನಿಜಕ್ಕೂ ಉಪಕಾರಿ. ಮೊಡವೆಗೆ ಮಾತ್ರ ಅವು ಮದ್ದಲ್ಲ.

ಚಿಕಿತ್ಸೆಯ ಮೊದಲ ಆರು ವಾರಗಳು ಕಠಿಣವಾಗಿದ್ದವು. ಉರಿ, ಊತ ಮರಳಿ ಬರುತ್ತವೆಂದು ವೈದ್ಯರು ಮೊದಲೇ ಎಚ್ಚರಿಸಿದ್ದರಿಂದಷ್ಟೇ ತಡೆದುಕೊಂಡೆ. ದೀರ್ಘಕಾಲ ಹಚ್ಚಿದವರು ಒಮ್ಮೆಲೇ ನಿಲ್ಲಿಸಬೇಕೇ, ಹಂತಹಂತವಾಗಿ ಇಳಿಸಬೇಕೇ ಎಂಬುದು ಮುಖದ ಸ್ಥಿತಿಯನ್ನು ನೋಡಿ ವೈದ್ಯರೇ ನಿರ್ಧರಿಸಬೇಕಾದ ವಿಷಯ. ನನಗೆ ಸೌಮ್ಯವಾದ ಫೇಸ್‌ವಾಶ್, ಸುವಾಸನೆಯಿಲ್ಲದ ಮಾಯಿಶ್ಚರೈಸರ್, ಬೆಳಗಿನ ಸನ್‌ಸ್ಕ್ರೀನ್ ಮೂರನ್ನು ಬಿಟ್ಟು ಮುಖಕ್ಕೆ ಬೇರೇನೂ ಸೋಕಿಸಬಾರದೆಂದು ಹೇಳಿ, ಡಾಕ್ಸಿಸೈಕ್ಲಿನ್ ಎಂಬ ಜೀವಿರೋಧಕ ಮಾತ್ರೆಯನ್ನು ಕೊಟ್ಟರು. ಅದನ್ನು ತುಂಬು ಲೋಟ ನೀರಿನೊಂದಿಗೆ ನುಂಗಬೇಕು, ನುಂಗಿದ ಕೂಡಲೇ ಮಲಗಬಾರದು, ಇಲ್ಲವಾದರೆ ಅನ್ನನಾಳದಲ್ಲಿ ಹುಣ್ಣಾಗಬಹುದು. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ಗರ್ಭಿಣಿಯರಿಗೆ ಅದು ಸಲ್ಲದು. ಇಷ್ಟು ಮಾತನ್ನು ಆ ಅಂಗಡಿಯಲ್ಲಿ ನನಗೆ ಯಾರೂ ಹೇಳಿರಲಿಲ್ಲ.

ಚರ್ಮ ಚೇತರಿಸಿಕೊಂಡ ಮೇಲಷ್ಟೇ ಮೊಡವೆಯ ನಿಜವಾದ ಮದ್ದು ಆರಂಭವಾಯಿತು. ಅಡಾಪಲೀನ್ ಎಂಬ ಮುಲಾಮು ರಂಧ್ರದ ಬಿರಡೆಯನ್ನೇ ಸಡಿಲಿಸುತ್ತದೆ. ಬಟಾಣಿ ಕಾಳಿನಷ್ಟನ್ನು ತೆಗೆದುಕೊಂಡು, ಒಣಗಿದ ಮುಖಕ್ಕೆಲ್ಲ ತೆಳುವಾಗಿ, ಮೊದಲು ದಿನ ಬಿಟ್ಟು ದಿನ ರಾತ್ರಿ ಹಚ್ಚಬೇಕು. ಎದ್ದಿರುವ ಮೊಡವೆಯ ಮೇಲಷ್ಟೇ ಚುಕ್ಕಿಯಿಟ್ಟರೆ ಪ್ರಯೋಜನವಿಲ್ಲ. ಮೊದಲ ಕೆಲವು ವಾರ ಚರ್ಮ ಒಣಗಿ ಸಿಪ್ಪೆ ಏಳುವುದುಂಟು, ಮೊಡವೆ ಸ್ವಲ್ಪ ಹೆಚ್ಚಿದಂತೆ ತೋರುವುದೂ ಉಂಟು. ಗುಣ ಸ್ಪಷ್ಟವಾಗಿ ಕಾಣಲು ಎಂಟರಿಂದ ಹನ್ನೆರಡು ವಾರ ಬೇಕು. ಗರ್ಭಿಣಿಯರು ಇದನ್ನೂ ಬಳಸಬಾರದು. ಬೆಂಜಾಯ್ಲ್ ಪೆರಾಕ್ಸೈಡ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಶೇ. 2.5ರದ್ದು ಹೆಚ್ಚಿನ ಪ್ರಮಾಣದ್ದರಷ್ಟೇ ಬಹುಮಟ್ಟಿಗೆ ಕೆಲಸ ಮಾಡುತ್ತದೆ, ಉರಿ ಕಡಿಮೆ. ದಿಂಬಿನ ಹೊದಿಕೆ, ಟವೆಲ್‌ಗಳ ಬಣ್ಣವನ್ನು ಅದು ಕಿತ್ತುಬಿಡುತ್ತದೆ, ಬಿಳಿಯದನ್ನೇ ಬಳಸಿ. ಕ್ಲಿಂಡಾಮೈಸಿನ್ ಎಂಬ ಜೀವಿರೋಧಕದ ಜೆಲ್ ಒಂದನ್ನೇ ತಿಂಗಳುಗಟ್ಟಲೆ ಹಚ್ಚುವುದು ಸರಿಯಲ್ಲ, ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದಂತಾಗುತ್ತವೆ. ಅದರೊಂದಿಗೆ ಬೆಂಜಾಯ್ಲ್ ಪೆರಾಕ್ಸೈಡ್ ಇರಬೇಕು. ತೀವ್ರ ಮೊಡವೆಗೆ ಕೊಡುವ ಐಸೊಟ್ರೆಟಿನೊಯಿನ್ ಮಾತ್ರೆಯನ್ನಂತೂ ಗೆಳತಿಯರಿಂದ ಪಡೆದು ನುಂಗಬೇಡಿ. ಗರ್ಭಿಣಿ ಅದನ್ನು ಸೇವಿಸಿದರೆ ಮಗುವಿಗೆ ಗಂಭೀರ ಅಂಗವೈಕಲ್ಯ ಬರಬಹುದು. ರಕ್ತಪರೀಕ್ಷೆ ಮಾಡಿಸಿಕೊಂಡು, ವೈದ್ಯರ ನಿಗಾದಲ್ಲಿಯೇ ಅದನ್ನು ತೆಗೆದುಕೊಳ್ಳಬೇಕು.

ಬಿಳುಪಾಗಿಸುವ ಮುಲಾಮುಗಳ ಬಗ್ಗೆಯೂ ಇಷ್ಟೇ ಎಚ್ಚರ ಬೇಕು. ಹೈಡ್ರೊಕ್ವಿನೋನ್, ಟ್ರೆಟಿನೊಯಿನ್‌ಗಳ ಜೊತೆ ಮೊಮೆಟಾಸೋನ್ ಎಂಬ ಸ್ಟೀರಾಯ್ಡನ್ನು ಬೆರೆಸಿದ ಟ್ಯೂಬುಗಳನ್ನು ಮೊಡವೆಯ ಕಲೆಗೆಂದು ಕೊಡುವವರಿದ್ದಾರೆ. ಬಂಗಿನ ಚಿಕಿತ್ಸೆಯಲ್ಲಿ ವೈದ್ಯರು ಅಲ್ಪಕಾಲ ಬಳಸುವ ಮಿಶ್ರಣವದು, ದಿನವೂ ಸ್ನೋ ಹಚ್ಚಿದಂತೆ ಹಚ್ಚುವ ವಸ್ತುವಲ್ಲ. ಪದಾರ್ಥಗಳ ಹೆಸರೇ ಇಲ್ಲದ ಡಬ್ಬಿಯಲ್ಲಿ ಪಾರ್ಲರಿನವರು ತುಂಬಿಕೊಡುವ ನೈಟ್ ಕ್ರೀಮನ್ನು, ಅದು ಯಾರೇ ಕೊಟ್ಟಿರಲಿ, ಮುಖಕ್ಕೆ ತಾಗಿಸಬೇಡಿ.

ನನ್ನ ಮುಖ ಸುಧಾರಿಸಿತು, ಆದರೆ ಎಡಗೆನ್ನೆಯ ಕೆಂಪು ನಾಳಗಳು ಉಳಿದುಕೊಂಡಿವೆ. ಚಿಕ್ಕಮ್ಮನ ಮಗಳು ಐದು ತಿಂಗಳಷ್ಟೇ ಹಚ್ಚಿದ್ದರಿಂದ ನನಗಿಂತ ಬೇಗ ಗುಣವಾದಳು. ಅವಳನ್ನು ವೈದ್ಯರಲ್ಲಿಗೆ ಕರೆದುಕೊಂಡು ಹೋದ ದಿನ ನಾನೇ ಜೊತೆಯಲ್ಲಿದ್ದೆ, ಆ ಟ್ಯೂಬನ್ನೂ ಒಯ್ದಿದ್ದೆ. ನಿಮ್ಮಲ್ಲಿ ಯಾರಾದರೂ ಇಂಥದ್ದನ್ನು ಹಚ್ಚುತ್ತಿದ್ದರೆ ಕೋಪಕ್ಕೆ, ಭಯಕ್ಕೆ ಅದನ್ನು ಎಸೆಯಬೇಡಿ. ಖಾಲಿಯಾಗಿದ್ದರೂ ರಟ್ಟಿನ ಪೆಟ್ಟಿಗೆಯ ಸಮೇತ ಚರ್ಮವೈದ್ಯರ ಮುಂದಿಟ್ಟು, ಎಷ್ಟು ತಿಂಗಳಿಂದ, ದಿನಕ್ಕೆ ಎಷ್ಟು ಸಲ ಹಚ್ಚಿದ್ದೀರೆಂಬುದನ್ನು ಮುಚ್ಚಿಡದೆ ಹೇಳಿ. ನಾನು ಮೊದಲ ಭೇಟಿಯಲ್ಲಿ ನಾಚಿಕೆಯಿಂದ ಎರಡೇ ತಿಂಗಳು ಎಂದಿದ್ದೆ, ಆ ಸುಳ್ಳಿನಿಂದಾಗಿ ಮೊದಲ ಹದಿನೈದು ದಿನದ ಔಷಧವನ್ನು ಮತ್ತೆ ಬದಲಾಯಿಸಬೇಕಾಯಿತು.