ಹೊಲದ ಮನೆಗೆ ಸೋಲಾರ್: ಆರು ವರ್ಷ ಬಳಸಿದ ಮೇಲೆ

ನಮ್ಮ ಹೊಲದ ಮನೆ ಗದಗ ಜಿಲ್ಲೆಯ ಡಂಬಳದ ಹತ್ತಿರ. ಅಂಗಳದಲ್ಲಿ ನಿಂತರೆ ಕಪ್ಪತಗುಡ್ಡದ ಕಡೆ ಗಾಳಿಕಂಬಗಳು ತಿರುಗೋದು ಕಾಣುತ್ತದೆ. ಮನೆಗೆ ಮಾತ್ರ ಕರೆಂಟ್ ಲೈನ್ ಇಲ್ಲ. 2019ರಲ್ಲಿ ಬ್ಯಾಂಕ್ ಸಾಲ ತೆಗೆದು 40 ವಾಟ್ ಪ್ಯಾನೆಲ್, 12 ವೋಲ್ಟ್ ಬ್ಯಾಟರಿ, ನಾಲ್ಕು ಎಲ್‌ಇಡಿ ಬಲ್ಬು ಹಾಕಿಸಿದೆವು.

ಒಂದು ಬಲ್ಬು ದನದ ಮನೆಗೆ ಕೊಟ್ಟಿದ್ದೇ ಒಳ್ಳೆಯದಾಯಿತು. ರಾತ್ರಿ ಎರಡಕ್ಕೆ ಎಮ್ಮೆ ಈದಾಗ ಅವ್ವ ಬಾಯಲ್ಲಿ ಟಾರ್ಚ್ ಕಚ್ಚಿಕೊಳ್ಳದೆ ಎರಡೂ ಕೈಯಲ್ಲಿ ಕರು ಹಿಡಿದಳು.

ಪ್ಯಾನೆಲ್ ಈಗಲೂ ಗಟ್ಟಿ. ರಾಶಿ ಮಾಡುವಾಗ ಧೂಳು ಗಾಜಿನ ಮೇಲೆ ಹಿಟ್ಟಿನಂತೆ ಕೂರುತ್ತದೆ. ಬೆಳಗಿನ ತಂಪಿನಲ್ಲಿ ಹಳೇ ಸೀರೆ ಒದ್ದೆ ಮಾಡಿ ಒರೆಸಿದರೆ ಸಾಕು. ಮೂರನೇ ಚಳಿಗಾಲದಲ್ಲಿ ಬಲ್ಬುಗಳು ಎಂಟಕ್ಕೇ ಆರತೊಡಗಿದವು. ನೋಡಿದರೆ ಬೇವಿನ ಟೊಂಗೆ! ಆಗ ಸೂರ್ಯ ದಕ್ಷಿಣಕ್ಕೆ ವಾಲುತ್ತಾನಲ್ಲ, ನೆರಳು ಪ್ಯಾನೆಲ್ಲಿನ ಒಂದು ಮೂಲೆಗೆ ಬೀಳುತ್ತಿತ್ತು. ಪ್ಯಾನೆಲ್ ಒಳಗಿನ ಬಿಲ್ಲೆಗಳು (ಸೆಲ್) ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತವೆ. ಮೂಲೆ ಮುಚ್ಚಿದರೂ ಚಾರ್ಜ್ ಸಿಕ್ಕಾಪಟ್ಟೆ ಇಳಿಯುತ್ತದೆ. ಟೊಂಗೆ ಕಡಿದೆ, ಸರಿಹೋಯಿತು.

ನಿಜವಾದ ತಲೆನೋವು ಬ್ಯಾಟರಿ. ಮೂರ್ನಾಲ್ಕು ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್, ಅಂದರೆ ಲವಣ ತೆಗೆದ ನೀರು ಹಾಕಬೇಕು. ನಾನು ಹುಬ್ಬಳ್ಳಿಯಲ್ಲಿದ್ದಾಗ ಕಾಕಾ ಬೋರ್‌ವೆಲ್ ನೀರು ಸುರಿದುಬಿಟ್ಟರು. ಕೇಳಿದರೆ, ‘ನೀರು ನೀರ ಅಲ್ಲೇನೋ ತಮ್ಮಾ?’ ನಮ್ಮ ಬೋರಿನ ನೀರು ಕಾಯಿಸಿದರೆ ಪಾತ್ರೆಗೇ ಸುಣ್ಣ ಹಿಡಿಯುತ್ತದೆ. ಆರು ತಿಂಗಳಲ್ಲಿ ಬ್ಯಾಟರಿ ಕೆಲಸ ಮುಗಿಯಿತು. ವಾರಂಟಿ ಕಾರ್ಡ್ ತೆಗೆದರೆ ಅಂಗಡಿಯವರು ಸೀಲನ್ನೇ ಹಾಕಿಲ್ಲ. ಹಾಕಿದ್ದರೂ ಕೊಡುತ್ತಿರಲಿಲ್ಲ ಬಿಡಿ, ತಪ್ಪು ನಮ್ಮದೇ. ಹೊಸದಕ್ಕೆ 5,600 ರೂಪಾಯಿ ಬಿತ್ತು. ಬ್ಯಾಟರಿ ಬದಲಿಸಲು ಬರುತ್ತೇನೆಂದ ಹುಡುಗ ಹನ್ನೆರಡು ದಿನ ‘ನಾಳೆ ಬರ್ತೀನ್ರಿ’ ಅಂದ. ಅಷ್ಟೂ ದಿನ ಮತ್ತೆ ಚಿಮಣಿ. ಹಾಗಾಗಿ ಕೊಳ್ಳುವಾಗ ರೇಟ್ ಆಮೇಲೆ ಕೇಳಿ, ಮೊದಲು ರಿಪೇರಿಗೆ ಯಾವ ಊರಿಂದ ಯಾರು ಬರ್ತಾರೆ ಅಂತ ಕೇಳಿ.

ಮಿಕ್ಸರ್ ಆಸೆ ಬೇಡ. ಅದಕ್ಕೇ 500 ವಾಟ್ ಬೇಕು. ಆಷಾಢದ ಮೋಡ ನಾಲ್ಕು ದಿನ ಕವಿದರೆ ಎರಡೇ ಬಲ್ಬಿನಲ್ಲಿ ಸುಧಾರಿಸಬೇಕು.

‘ಸೂರ್ಯಘರ್ ಸಬ್ಸಿಡಿ ತಗೋಬಾರದಾ?’ ಅಂತ ಸುಮಾರು ಜನ ಕೇಳಿದ್ದಾರೆ. ಮನೆ ಚಾವಣಿಗೆ ಸೋಲಾರ್ ಹಾಕಿಸಲು ಕೇಂದ್ರ ಸರ್ಕಾರ 2024ರಲ್ಲಿ ಶುರು ಮಾಡಿದ ಆ ಯೋಜನೆಯಲ್ಲಿ 3 ಕಿಲೋವಾಟಿಗೆ 78,000 ರೂಪಾಯಿ ಸಿಗುತ್ತದೆ, ನಿಜ. ಆದರೆ ಅದು ಮೀಟರ್ ಇರುವ ಮನೆಗೆ. ನಮ್ಮ ಹೊಲದ ಮನೆಗೆ ಹೆಸ್ಕಾಂ ಮೀಟರ್ ಎಲ್ಲಿಂದ ತರೋದು?

ಈಗ ಎರಡನೇ ಬ್ಯಾಟರಿಯೂ ಸೋಲುತ್ತಿದೆ. ಲಿಥಿಯಂ ಬ್ಯಾಟರಿ ವಿಚಾರಿಸಿದೆ. ನೀರು ಹಾಕುವ ಗೋಜಿಲ್ಲ, ಕಾಕಾನ ಭಯವೂ ಇಲ್ಲ. ಬೆಲೆ ಮಾತ್ರ ಜಾಸ್ತಿ. ಉಳ್ಳಾಗಡ್ಡಿ ಮಾರಿದ ಮೇಲೆ ನೋಡಬೇಕು.