ಚಳಿಗಾಲದ ಬಚ್ಚಲಿಗೆ ಯಾವ ಹಿಡಿಕೆ: ಅಂಟಿಸೋದಾ, ಸ್ಟ್ಯಾಂಡಾ, ಬೋಲ್ಟ್ ಹಾಕೋದಾ?

ಮೊದ್ಲೇ ಹೇಳಿಬಿಡ್ತೀನಿ, ವಯಸ್ಸಾದವ್ರು ಬಚ್ಚಲಲ್ಲಿ ಜಾರಿ ಬೀಳದ ಹಾಗೆ ಹಿಡ್ಕೊಳ್ಳೋಕೆ ಗೋಡೆಗೆ ಬೋಲ್ಟ್ ಹಾಕಿ ಕೂರಿಸೋ ಸ್ಟೀಲ್ ಹಿಡಿಕೆಗೇ ನನ್ನ ಓಟು. ನಮ್ದು ಚಿಕ್ಕಮಗಳೂರಿನ ಆಲ್ದೂರು ಕಡೆ ಹಳೇ ಹೆಂಚಿನ ಮನೆ, ಅತ್ತೆಗೆ ಎಂಬತ್ತರ ಹತ್ರ ವಯಸ್ಸು. ಮಳೆಗಾಲಕ್ಕಿಂತ ಡಿಸೆಂಬರ್ ಜನವರಿನೇ ಅವ್ರಿಗೆ ಕಷ್ಟ, ಥಂಡಿಗೆ ಮಂಡಿ ಹಿಡ್ಕೊಂಡಿರುತ್ತೆ, ಚಳಿ ಅಂದ್ರೆ ರಾತ್ರಿ ಏಳೋದೂ ಜಾಸ್ತಿ, ಮೇಲಿಂದ ಧನುರ್ಮಾಸದಲ್ಲಿ ಬೆಳಕು ಹರಿಯೋಕೆ ಮುಂಚೆ ಸ್ನಾನ ಮುಗಿಸಿ ಪೂಜೆಗೆ ಕೂರ್ಲೇಬೇಕು. ಅದನ್ನ ಬಿಡಿ ಅನ್ನೋಕೆ ನಂಗೆ ಮನಸ್ಸಿಲ್ಲ, ಅದಕ್ಕೇ ಬಚ್ಚಲನ್ನೇ ಸರಿಮಾಡೋಣ ಅಂತ ಹೊರಟಿದ್ದು.

ವ್ಯಾಕ್ಯೂಮ್ ಕಪ್ ಇರೋ ಪ್ಲಾಸ್ಟಿಕ್ ಹಿಡಿಕೆ ಮೈದುನ ಬೆಂಗಳೂರಿಂದ ತಂದುಕೊಟ್ಟಿದ್ದು. ಡ್ರಿಲ್ ಬೇಡ, ಎರಡು ಲಿವರ್ ಒತ್ತಿದ್ರೆ ಕಚ್ಕೊಳ್ಳುತ್ತೆ. ನುಣುಪಾದ ದೊಡ್ಡ ಟೈಲ್ಸ್ ಮೇಲಾದ್ರೆ ಸರಿ, ಬರೀ ಗಾರೆ ಗೋಡೆ ಮೇಲೆ ನಿಲ್ಲೋದೇ ಇಲ್ಲ, ಎರಡು ಟೈಲ್ಸ್ ನಡುವಿನ ಗೆರೆ ಸಿಕ್ಕಿದ್ರೂ ಗಾಳಿ ಸೇರಿ ಸಡಿಲ ಆಗುತ್ತೆ. ಇನ್ನೊಂದು, ಥಂಡಿಗೆ ಆ ಕಪ್ ಬಿರುಸಾಗುತ್ತೆ. ಸಂಜೆ ಗಟ್ಟಿಯಾಗಿದ್ದದ್ದು ಬೆಳಗಿನ ಜಾವ ನಾನು ಎಳೆದು ನೋಡಿದ್ರೆ ಕೈಗೇ ಬಂತು, ಅತ್ತೆ ಕೈಗೆ ಬಂದಿದ್ರೆ ಏನು ಗತಿ? ಮೈಭಾರ ಬಿಡೋಕೆ ಇದು ಬೇಡವೇ ಬೇಡ. ಟವೆಲ್ ರಾಡೂ ಅಷ್ಟೇ, ವಯಸ್ಸಾದವ್ರು ಜಾರಿದಾಗ ಮೊದ್ಲು ಕೈ ಹಾಕೋದೇ ಅದಕ್ಕೆ, ಆದ್ರೆ ಅದು ಭಾರ ಹೊರೋಕೆ ಮಾಡಿರೋದಲ್ಲ.

ಕಮೋಡಿನ ಸುತ್ತ ನಿಲ್ಲಿಸೋ ನಾಲ್ಕು ಕಾಲಿನ ಸ್ಟ್ಯಾಂಡ್ ಇದಕ್ಕಿಂತ ಎಷ್ಟೋ ವಾಸಿ. ಎರಡೂ ಕಡೆ ಕೈ ಊರಿ ಏಳಬಹುದು, ಗೋಡೆ ಮುಟ್ಟೋದೇ ಬೇಡ. ಮೂರು ಸಾವಿರದ ಆಸುಪಾಸು ಆಗಿತ್ತು. ನಮ್ಮನೇಲಿ ನೆಲ ಮೋರಿ ಕಡೆಗೆ ಇಳಿಜಾರು, ಕಾಲಿನ ಎತ್ತರ ತೂತು ತೂತಲ್ಲಿ ಏರಿಸಿ ಇಳಿಸಿದ್ರೂ ಒಂದು ಕಾಲು ಕುಣೀತಾನೇ ಇರುತ್ತೆ, ಅತ್ತೆ ಅದನ್ನ ನಂಬಲಿಲ್ಲ.

ಮಂಚದ ಪಕ್ಕ ಇಡೋ ಕಮೋಡ್ ಕುರ್ಚಿ: ಪಕ್ಕದಲ್ಲೇ ದೇವರ ಮನೆ, ಅತ್ತೆ ಒಪ್ಪಲಿಲ್ಲ, ಅಲ್ಲಿಗೆ ಮುಗೀತು.

ಇನ್ನು ಬೋಲ್ಟ್ ಹಿಡಿಕೆ. ಸುಲಭಕ್ಕೆ ತುಕ್ಕು ಹಿಡಿಯದ 304 ಗ್ರೇಡ್ ಸ್ಟೀಲ್, ಸುಮಾರು 32 ಮಿ.ಮೀ. ದಪ್ಪ, ಬೆರಳು ಪೂರ್ತಿ ಸುತ್ತಿ ಹಿಡಿಯೋಕೆ ಸರಿಯಾಗುತ್ತೆ. ಹಿಡಿಕೆ ಸಾವಿರದೊಳಗೇ ಸಿಕ್ತು, ಫಜೀತಿ ಎಲ್ಲ ಗೋಡೇದು. ನಮ್ದು ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ಸಿಮೆಂಟ್, ಅದರ ಮೇಲೆ ಟೈಲ್ಸ್. ಡ್ರಿಲ್ ಟೈಲ್ಸ್ ದಾಟೋವರೆಗೆ ಕಿರುಚ್ತು, ಆಮೇಲೆ ಸದ್ದೇ ಇಲ್ಲ, ತೂತಿಂದ ಕೆಂಪು ಮಣ್ಣು ಸುರಿಯೋಕೆ ಶುರು. ಡಬ್ಬದ ಜೊತೆ ಬಂದ ಪ್ಲಾಸ್ಟಿಕ್ ಪ್ಲಗ್ಗು, ಎರಡಿಂಚಿನ ಸ್ಕ್ರೂ ಕಾಂಕ್ರೀಟು, ಸುಟ್ಟ ಇಟ್ಟಿಗೆಗೆ ಮಾಡಿರೋವು, ಮಣ್ಣಲ್ಲಿ ಅವಕ್ಕೆ ಕಚ್ಕೊಳ್ಳೋಕೆ ಏನೂ ಇಲ್ಲ. ಕೂರಿಸಿಕೊಟ್ಟವ್ರು ಗಟ್ಟಿಯಾಗಿದೆ ಅಂದು ಹೋದ್ರು, ನಮ್ಮೆಜಮಾನ್ರು ಎರಡೂ ಕೈಲಿ ಜಗ್ಗಿದ್ರೆ ಹಿಡಿಕೆ, ಸ್ಕ್ರೂ, ಒಂದು ಹೆಂಟೆ ಮಣ್ಣು ಎಲ್ಲ ಒಟ್ಟಿಗೇ ಬಂತು. ಹೊಸ ಟೈಲ್ಸ್ ಬೇರೆ ಒಡೀತು.

ದಾರಿ ತೋರಿಸಿದ್ದು ನಮ್ಮೂರಿನ ಗಾರೆ ಕೆಲಸದವ್ರು. ಗೋಡೆ ಆರಪಾರ ತೂತು ಹೊಡೆದು, ಹಾರ್ಡ್‌ವೇರ್ ಅಂಗಡೀಲಿ ಉದ್ದಕ್ಕೆ ಸಿಗೋ, ಮೈತುಂಬ ಸ್ಕ್ರೂ ಥರ ಸುತ್ತು ಇರೋ ಥ್ರೆಡ್ ರಾಡ್ ತಂದು ಅಳತೆಗೆ ಕತ್ತರಿಸಿ, ಹೊರಗಡೆ ಅಂಗೈ ಅಗಲದ ಕಬ್ಬಿಣದ ಪ್ಲೇಟ್ ಇಟ್ಟು ನಟ್ಟು ಬಿಗಿದ್ರು. ಈಗ ಎಳೆದ್ರೆ ಭಾರ ಬೀಳೋದು ಪ್ಲೇಟಿನ ಮೇಲೆ, ಅದು ಆಚೆ ಕಡೆಯಿಂದ ಗೋಡೇನೇ ಒತ್ತಿ ಹಿಡ್ಕೊಂಡಿರುತ್ತೆ. ಹೊರಗಿನ ತೂತಿಗೆ ಸಿಮೆಂಟ್ ಮೆತ್ತಿಸಿ ಪ್ಲೇಟಿಗೆ ತುಕ್ಕು ತಡೆಯೋ ರೆಡ್ ಆಕ್ಸೈಡ್ ಬಳಿಸ್ಲೇಬೇಕು, ನಮ್ಮ ಕಡೆ ಮಳೆಗೆ ನೀರು ಒಳಗೆ ಇಳಿದ್ರೆ ಮಣ್ಣಿನ ಗೋಡೆ ಕರಗುತ್ತೆ. ಕೂಲಿ, ಸಾಮಾನು, ಟೈಲ್ಸ್ ಎಲ್ಲ ಸೇರಿ ಸ್ಟ್ಯಾಂಡಿಗಿಂತ ಜಾಸ್ತಿನೇ ಆಯ್ತು, ಆದ್ರೂ ಆ ದುಡ್ಡಿನ ಬಗ್ಗೆ ನಂಗೆ ಒಂಚೂರೂ ಬೇಜಾರಿಲ್ಲ.

ಕಮೋಡಿನ ಪಕ್ಕದ ಹಿಡಿಕೆ ಎತ್ತರ ಪುಸ್ತಕದ ಲೆಕ್ಕದಲ್ಲಿ ಸೀಟಿಂದ 20 ಸೆಂ.ಮೀ. ಮೇಲೆ ಅಂತಿದೆ, ನೀವು ಮಾತ್ರ ಅವ್ರನ್ನೇ ಕೂರಿಸಿ, ಏಳೋವಾಗ ಕೈ ಎಲ್ಲಿಗೆ ಹೋಗುತ್ತೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಬಾಗಿಲ ಹತ್ರ ಇನ್ನೊಂದು, ನೆಟ್ಟಗೆ.

ಚಳೀಲಿ ಸ್ಟೀಲ್ ಮುಟ್ಟೋಕೆ ಆಗಲ್ಲ ಅನ್ನೋದೊಂದು ನಿಜವಾದ ತೊಂದರೆ. ನಸುಕಲ್ಲಿ ಅತ್ತೆ ಕೈ ಹಾಕಿ ತಕ್ಷಣ ತೆಗೆದುಬಿಡ್ತಿದ್ರು, ಹಿಡಿಕೆ ಇದ್ದೂ ಗೋಡೇನೇ ಸವರಿಕೊಂಡು ಹೋಗ್ತಿದ್ರು. ಬ್ಯಾಡ್ಮಿಂಟನ್ ರಾಕೆಟ್ಟಿನ ಗ್ರಿಪ್ ಟೇಪ್ ಬಿಗಿಯಾಗಿ ಸುತ್ತಿದ್ಮೇಲೆ ಸರಿಹೋಯ್ತು, ಲೋಳೆ ಆದ್ರೆ ಬಿಚ್ಚಿ ಹೊಸದು ಸುತ್ತೋದು. ಕಾವಿ ನೆಲದ ಮೇಲೆ ಬರೀ ಕಾಲುಚೀಲ ಹಾಕಿ ಓಡಾಡೋಕೆ ಬಿಡ್ಬೇಡಿ, ಅಡಿಯಲ್ಲಿ ರಬ್ಬರ್ ಚುಕ್ಕಿ ಇರೋದು ಸಿಗುತ್ತೆ. ದಾರೀಲಿ ಚಾರ್ಜಿನ ಸೆನ್ಸರ್ ಲೈಟು, ಕರೆಂಟ್ ಹೋದ್ರೂ ಉರಿಯುತ್ತೆ.

ಚಿಕ್ಕಮಗಳೂರು ಟೌನಲ್ಲಿ ಬಾಡಿಗೆ ಮನೇಲಿರೋರು, ಓನರ್ ಗೋಡೆ ಕೊರೆಯೋಕೆ ಬಿಡದಿದ್ರೆ ಸ್ಟ್ಯಾಂಡ್ ತಗೊಳ್ಳಿ, ನೆಲ ಸಮ ಇದ್ರೆ ಸಾಕು. ಸ್ವಂತ ಮನೆಯವ್ರು ಬೋಲ್ಟ್ ಹಾಕ್ಸಿ, ಅದೂ ಅಕ್ಟೋಬರ್‌ನಲ್ಲೇ, ಕಾಫಿ ಕೊಯ್ಲು ಶುರುವಾದ್ರೆ ನಮ್ಮ ಕಡೆ ಈ ಕೆಲಸಕ್ಕೆ ಯಾರೂ ಸಿಗಲ್ಲ.