ರಾತ್ರಿ ಹೊಳೆಯುತ್ತದೆ ಎಂದು ಮಾರುತ್ತಿರುವ ಲೋಹದ ಲ್ಯೂರ್: ಕಲಬುರಗಿಯವರು ದಯವಿಟ್ಟು ಕೊಳ್ಳಬೇಡಿ

ನನಗೆ ಲ್ಯೂರ್ ಮಾರಿದವನ ಜಾಹೀರಾತಿನ ಅದೇ ಫೋಟೊ ನಿನ್ನೆ ರಾತ್ರಿ ಮತ್ತೆ ನನ್ನ ಮೊಬೈಲಿಗೆ ಬಂದಿದೆ. ಲ್ಯೂರ್ ಎಂದರೆ ಮೀನನ್ನು ಸೆಳೆಯಲು ಎರೆಹುಳದ ಬದಲು ದಾರಕ್ಕೆ ಕಟ್ಟುವ, ಗಾಳವಿರುವ ಹುಸಿ ಮೀನು. ಅದೇ ಆರು ಲೋಹದ ಮೀನುಗಳು, ಅದೇ ಹಸಿರು ಬೆಳಕು, ಕೆಳಗೆ ‘ರಾತ್ರಿ ಸಮುದ್ರದ ಗಾಳಕ್ಕೆ ಜಪಾನಿನ ಮಾಲು’ ಎಂಬ ಅದೇ ಸಾಲು. ನನಗೆ 3,600 ರೂಪಾಯಿಗೆ ಕೊಟ್ಟದ್ದನ್ನು ಅವನು ಈಗ 4,200 ಮಾಡಿದ್ದಾನೆ. ಇಷ್ಟು ದಿನ ನಾಚಿಕೆಯಿಂದ ಬಾಯಿ ಮುಚ್ಚಿಕೊಂಡಿದ್ದೆ. ಈ ಫೋಟೊ ನೋಡಿದ ಮೇಲೆ ನಿದ್ದೆ ಬರಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಾನು ಭೀಮಾ ನದಿಯ ದಂಡೆಯಲ್ಲಿ ಗಾಳ ಹಾಕಿ ಬೆಳೆದವನು. ಎರೆಹುಳ, ಕಲಸಿದ ಹಿಟ್ಟು, ಇಷ್ಟರಲ್ಲೇ ಮೂವತ್ತು ವರ್ಷ ಕಳೆದಿದ್ದೇನೆ. ಘತ್ತರಗಿಯ ಕಡೆ ಬಾಳೆ ಮೀನಿಗಾಗಿ ರಾತ್ರಿಯಿಡೀ ಕುಳಿತದ್ದಿದೆ. ಸಮುದ್ರ ಮಾತ್ರ ನನಗೆ ಹೊಸದು. ಅಕ್ಕನ ಮಗ ಅಂಕೋಲಾದಲ್ಲಿ ನೌಕರಿ ಮಾಡುತ್ತಾನೆ. ‘ಮಾಮಾ, ದೀಪಾವಳಿಗೆ ಬನ್ನಿ, ಅಮಾವಾಸ್ಯೆಯ ಕತ್ತಲೆ ಇರುತ್ತದೆ, ದಡದಲ್ಲೇ ನಿಂತು ಗಾಳ ಎಸೆಯೋಣ’ ಎಂದು ಕರೆದ. ಅಲೆ ಒಡೆಯುವ ಸಾಲನ್ನು ದಾಟಿಸಿ ಎಸೆಯಲು ಭಾರದ ಲೋಹದ ಲ್ಯೂರ್ ಬೇಕು. ಅದು ನಮ್ಮ ಊರಿನಲ್ಲಿ ಎಲ್ಲಿ ಸಿಗಬೇಕು? ಪರಿಚಿತರೊಬ್ಬರು ಇವನ ನಂಬರ್ ಕೊಟ್ಟರು.

ಅಂಗಡಿ ಎಂಬುದಿಲ್ಲ, ಮನೆಯ ಮುಂದಿನ ಕೋಣೆಯಲ್ಲೇ ವ್ಯಾಪಾರ. ಚಹಾ ತರಿಸಿದ. ಟ್ಯೂಬ್‌ಲೈಟಿನ ಕೆಳಗೆ ಇಟ್ಟಿದ್ದ ಲ್ಯೂರನ್ನು ಕೈಗೆತ್ತಿಕೊಂಡು, ಬಾಗಿಲು ಹಾಕಿ ದೀಪ ಆರಿಸಿದ. ಹಸಿರಾಗಿ, ಮಿಂಚುಹುಳದ ಹಾಗೆ ಹೊಳೆಯಿತು. ‘ನೋಡಿ ಕಾಕಾ, ರಾತ್ರಿಯಿಡೀ ಹೀಗೇ ಇರುತ್ತದೆ’ ಎಂದ. ತಕ್ಷಣ ದೀಪ ಹಾಕಿದ. ಕತ್ತಲೆ ಇದ್ದದ್ದು ಹತ್ತು ಸೆಕೆಂಡು, ಹೆಚ್ಚಿಲ್ಲ. ಆ ಹತ್ತು ಸೆಕೆಂಡಿಗೆ ನಾನು 3,600 ರೂಪಾಯಿ ಎಣಿಸಿ ಕೊಟ್ಟೆ. ಇನ್ನೆರಡು ನಿಮಿಷ ದೀಪ ಆರಿಸಿಡು ತಮ್ಮಾ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಪಾಡ್ಯದ ರಾತ್ರಿ ಬೇಲೆಕೇರಿಯ ದಡದಲ್ಲಿ ನಿಂತೆವು. ಟಾರ್ಚ್ ಹಿಡಿದು ಲ್ಯೂರಿಗೆ ಬೆಳಕು ಕುಡಿಸಿ ಎಸೆದೆ. ಮೊದಲ ಸಲ ರೀಲಿನಲ್ಲಿ ದಾರ ಸುತ್ತಿ ಹತ್ತಿರ ತರುವಷ್ಟರಲ್ಲೇ ಅದು ಕರ್ರಗಾಗಿತ್ತು. ಮತ್ತೆ ಟಾರ್ಚ್, ಮತ್ತೆ ಎಸೆತ, ಮತ್ತೆ ಕರ್ರಗೆ. ಎಸೆದದ್ದೆಲ್ಲ ಅಲೆ ಒಡೆಯುವ ಸಾಲಿನ ಈಚೆಗೇ ಬೀಳುತ್ತಿತ್ತು. ‘ಜೋರಾಗಿ ಸುತ್ತಬೇಕು ಕಾಕಾ, ಅದೇ ಇದರ ಗುಟ್ಟು’ ಎಂದು ಮಾರಿದವನು ಹೇಳಿ ಕಳುಹಿಸಿದ್ದ. ಜೋರಾಗಿ ಸುತ್ತಿ ಸುತ್ತಿ ತೋಳು ಸೋತಿತು.

ಹತ್ತೂವರೆಯ ಹೊತ್ತಿಗೆ ಒಂದು ಮೀನು ಹಿಡಿಯಿತು. ಕೋಲು ಬಾಗಿತು, ರೀಲ್ ಕಿರುಗುಟ್ಟಿತು, ಅಳಿಯ ‘ಮಾಮಾ, ಬಿಡಬೇಡಿ’ ಎಂದು ಕೂಗುತ್ತ ನೀರಿಗಿಳಿದ. ಮರುಕ್ಷಣ ದಾರ ಸಡಿಲವಾಯಿತು. ಎಳೆದು ನೋಡಿದರೆ ದಾರ ತುಂಡಾಗಿಲ್ಲ, ಗಂಟು ಬಿಚ್ಚಿಲ್ಲ. ಮೂರು ಮುಳ್ಳಿನ ಗಾಳದಲ್ಲಿ ಎರಡು ಮುಳ್ಳು ಸೂಜಿಯ ಹಾಗೆ ನೆಟ್ಟಗಾಗಿದ್ದವು. ಕಡಲ ಮೀನಿಗೆಂದು ಮಾರಿದ ಗಾಳ! ಬರಿಗೈಯಲ್ಲಿ ಒತ್ತಿದೆ, ಮೂರನೆಯ ಮುಳ್ಳೂ ನೆಟ್ಟಗಾಯಿತು. ಅಳಿಯ ಏನೂ ಅನ್ನಲಿಲ್ಲ. ಅವನು ಏನೂ ಅನ್ನದೆ ಇದ್ದದ್ದೇ ನನಗೆ ಹೆಚ್ಚು ಚುಚ್ಚಿತು.

ಪಕ್ಕದಲ್ಲಿದ್ದ ಹಿರಿಯ ಮೀನುಗಾರರೊಬ್ಬರು ಆ ಲ್ಯೂರನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದರು. ಕತ್ತಲಲ್ಲಿ ಮೀನು ಹೊಳಪಿಗಿಂತ ಹೆಚ್ಚಾಗಿ ನೀರಿನ ಅದುರುವಿಕೆಯನ್ನು ಮೈಯಿಂದಲೇ ಗುರುತಿಸುತ್ತದೆ, ಅದಕ್ಕೆ ರಾತ್ರಿ ನಿಧಾನವಾಗಿ ಸುತ್ತಬೇಕು ಎಂದರು. ನಿಧಾನವಾಗಿ ಸುತ್ತಿದರೂ ತೇಲಿಕೊಂಡು ಓಲಾಡುತ್ತ ಬರಬೇಕಾದರೆ ಚಮಚದಂತೆ ಅಗಲವಾದ ಲ್ಯೂರ್ ಬೇಕಂತೆ. ನನ್ನಲ್ಲಿದ್ದವು ಕಡ್ಡಿಯಂತೆ ಸಣ್ಣವು, ನಿಧಾನ ಮಾಡಿದರೆ ನೇರವಾಗಿ ಮರಳಿಗೆ ಕೂರುವಂಥವು. ಅಂದರೆ ಹಗಲಿನ ಮಾಲಿಗೆ ಹಸಿರು ಬಣ್ಣ ಬಳಿದು ರಾತ್ರಿಯ ಮಾಲು ಎಂದು ಕೊಟ್ಟಿದ್ದಾನೆ.

ಊರಿಗೆ ಬಂದವನೇ ಸರಾಫ್ ಬಜಾರಿನಲ್ಲಿ ಪರಿಚಯದವರ ತಕ್ಕಡಿಯಲ್ಲಿ ತೂಗಿಸಿದೆ. ಮೇಲೆ ಬರೆದದ್ದು 40 ಗ್ರಾಂ. ಇದ್ದದ್ದು 29, 31, ಇನ್ನೊಂದು 28. ಸೀಸ ಎಂದು ಹೇಳಿದ್ದ. ಸೀಸವಾದರೆ ಚಾಕುವಿನಿಂದ ಗೀರಿದರೆ ಸಲೀಸಾಗಿ ಗೆರೆ ಬೀಳುತ್ತದೆ, ಇದು ಬೀಳಲಿಲ್ಲ. ಸಿಹಿನೀರಿನಲ್ಲಿ ತೊಳೆದು ಒರೆಸಿ ಇಟ್ಟಿದ್ದರೂ ಗಾಳಗಳಿಗೆ ಎರಡೇ ದಿನದಲ್ಲಿ ಕೆಂಪು ತುಕ್ಕು.

ಫೋನ್ ಮಾಡಿದೆ, ಎತ್ತಲಿಲ್ಲ. ಫೋಟೊ ಕಳುಹಿಸಿದೆ. ಆಗ ಉತ್ತರಗಳು ಬಂದವು. ಮೊದಲು: ‘ಕಾಕಾ, ನೀವು ಸಿಹಿನೀರಿನಲ್ಲಿ ತೊಳೆದಿಲ್ಲ.’ ತೊಳೆದಿದ್ದೇನೆ ಎಂದೆ. ‘ಟಾರ್ಚ್ ಸರಿಯಾಗಿ ಹಿಡಿದಿಲ್ಲ.’ ಹಿಡಿದಿದ್ದೇನೆ ಎಂದೆ. ತೂಕದ ಫೋಟೊ ಕಳುಹಿಸಿದ್ದಕ್ಕೆ ‘ಬಂಗಾರದ ತಕ್ಕಡಿಯಲ್ಲಿ ಇದನ್ನು ಯಾರು ತೂಗುತ್ತಾರೆ?’ ಎಂದ. ಕೊನೆಗೆ: ‘ನದಿಯ ದಂಡೆಯಲ್ಲಿ ಹಿಟ್ಟಿನುಂಡೆ ಹಾಕುವವರಿಗೆ ಸಮುದ್ರದ ಸಾಮಾನು ಹೇಗೆ ಗೊತ್ತಾಗಬೇಕು? ಬಳಸಿದ ಮಾಲು ವಾಪಸ್ ಇಲ್ಲ.’ ಈ ಮಾತನ್ನು ನಾನು ಮರೆಯುವುದಿಲ್ಲ. ಕೊಡುವಾಗ ಕಾಕಾ, ಚಹಾ, ಕುರ್ಚಿ. ಕೇಳುವಾಗ ನದಿಯ ದಂಡೆಯವನು. ಬಿಲ್ ಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ. ಹಣವನ್ನೂ ನಗದಾಗಿ ಕೊಟ್ಟಿದ್ದೆ.

ಕೊಳ್ಳಲೇಬೇಕಾದರೆ ತೂಗಿಸಿ ಕೊಳ್ಳಿ. ದೀಪ ಆರಿಸಿ ಕನಿಷ್ಠ ಹತ್ತು ನಿಮಿಷ ಕುಳಿತು ನೋಡಿ. ಸ್ಟ್ರಾನ್ಷಿಯಂ ಎಂಬ ಲೋಹದ ಅಂಶ ಇರುವ ಒಳ್ಳೆಯ ಬಣ್ಣ ಗಂಟೆಗಟ್ಟಲೆ ಹೊಳೆಯುತ್ತದೆ, ಸತುವಿನ ಅಗ್ಗದ ಬಣ್ಣದ ಹೊಳಪು ನಿಮಿಷಗಳಲ್ಲಿ ಮಾಯವಾಗುತ್ತದೆ. ಗಾಳವನ್ನು ಇಕ್ಕಳದಿಂದ ಎಳೆದು ನೋಡಿ, ಅವನ ಎದುರೇ ಎಳೆಯಿರಿ. ಬಿಲ್ ಕೊಡುವುದಿಲ್ಲ ಎಂದರೆ ಎದ್ದು ಬನ್ನಿ, ಚಹಾ ಕುಡಿದಿದ್ದರೂ ಎದ್ದು ಬನ್ನಿ.

ಆರರಲ್ಲಿ ಐದು ನನ್ನ ಹತ್ತಿರವೇ ಇವೆ, ನೆಟ್ಟಗಾದ ಗಾಳವೂ ಇದೆ. ಅವನಿಂದ ಕೊಳ್ಳಬೇಕೆಂದು ಹೊರಟಿರುವವರು ಮೊದಲು ನನ್ನ ಮನೆಗೆ ಬಂದು ಅವನ್ನು ಕೈಯಲ್ಲಿ ಹಿಡಿದು ನೋಡಿ. ಕೋಣೆಯ ದೀಪ ಆರಿಸಿ ಎಷ್ಟು ಹೊತ್ತು ಬೇಕಾದರೂ ತೋರಿಸುತ್ತೇನೆ.